ಬ್ಲ್ಯಾಕ್‌ಬೆರಿ ಹಣ್ಣು: ಕೊಡಗಿನ ಅಡುಗೆಮನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ಹತ್ತಿರ ಕಾಫಿ ತೋಟದ ನಡುವೆ ನಾವು ಒಂದು ಸಣ್ಣ ಹೋಂಸ್ಟೇ ನಡೆಸುತ್ತೇವೆ. ಬೆಳಗಿನ ತಿಂಡಿಯ ಜೊತೆಗೆ ಆಗಾಗ ಬ್ಲ್ಯಾಕ್‌ಬೆರಿ ಇಡಲು ಶುರು ಮಾಡಿದ ಮೇಲೆ ಅತಿಥಿಗಳಿಂದಲೂ ಅಕ್ಕಪಕ್ಕದ ಮನೆಯವರಿಂದಲೂ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಅವುಗಳಿಗೆ ಕೊಡುತ್ತಾ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಬ್ಲ್ಯಾಕ್‌ಬೆರಿ ಎಂದರೆ ನಮ್ಮ ನೇರಳೆಹಣ್ಣೇ ಅಲ್ಲವೇ?

ಅಲ್ಲ. ನೇರಳೆ ದೊಡ್ಡ ಮರದ ಹಣ್ಣು, ಒಳಗೆ ಒಂದೇ ಬೀಜ, ತಿಂದರೆ ನಾಲಿಗೆ ಒಗರಾಗುತ್ತದೆ. ಅದು ಸೀಬೆ ಮತ್ತು ಲವಂಗದ ಕುಟುಂಬಕ್ಕೆ ಸೇರಿದ್ದು. ಬ್ಲ್ಯಾಕ್‌ಬೆರಿ ಗುಲಾಬಿಯ ಕುಟುಂಬಕ್ಕೆ ಸೇರಿದ ಮುಳ್ಳುಪೊದೆಯ ಹಣ್ಣು. ನೋಟಕ್ಕೆ ನೇರಳೆಗಿಂತ ಹೆಚ್ಚು ಮೋಸ ಮಾಡುವುದು ರೇಷ್ಮೆಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಯ ಹಣ್ಣು. ಅದು ಸ್ವಲ್ಪ ಉದ್ದವಾಗಿರುತ್ತದೆ, ಕಿತ್ತಾಗ ಹಸಿರು ತೊಟ್ಟು ಹಣ್ಣಿನ ಜೊತೆಯಲ್ಲೇ ಬರುತ್ತದೆ, ಬಾಯಲ್ಲಿ ಗಟ್ಟಿ ಬೀಜ ಸಿಗುವುದಿಲ್ಲ. ಐಸ್‌ಕ್ರೀಮ್ ಅಂಗಡಿಯ ಬ್ಲ್ಯಾಕ್ ಕರಂಟ್ ಇವು ಯಾವುವೂ ಅಲ್ಲದ ಬೇರೊಂದು ಹಣ್ಣು.

ಹೆಸರಿನಲ್ಲಿ ಬೆರಿ ಎಂದಿದ್ದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಬೆರಿ ಅಲ್ಲ. ದ್ರಾಕ್ಷಿ ಮತ್ತು ಟೊಮೆಟೊ ಆ ಹೆಸರಿಗೆ ಹೆಚ್ಚು ಅರ್ಹವಾದವು. ಬ್ಲ್ಯಾಕ್‌ಬೆರಿಯ ಒಂದೊಂದು ಮಣಿಯೂ ಗಟ್ಟಿ ಬೀಜದ ಸುತ್ತ ರಸ ತುಂಬಿದ ಒಂದೊಂದು ಪುಟ್ಟ ಹಣ್ಣು. ಒಂದೇ ಹೂವಿನಿಂದ ಹುಟ್ಟಿದ ಇಂಥ ಹತ್ತಾರು ಹಣ್ಣುಗಳು ಒಂದು ಬಿಳಿ ತಿರುಳಿನ ಸುತ್ತ ಅಂಟಿಕೊಂಡು ನಿಂತಿರುತ್ತವೆ. ಪ್ರತಿ ಮಣಿಯ ಸಿಪ್ಪೆಯೂ ಹಾಳೆಗಿಂತ ತೆಳು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ, ಏಕೆಂದರೆ ಈ ಹಣ್ಣು ಬೇಗ ಕೆಡುವುದಕ್ಕೆ ಮುಖ್ಯ ಕಾರಣ ಅದೇ.

ತೋಟದ ಬೇಲಿಯ ಮುಳ್ಳುಪೊದೆಯಲ್ಲಿ ಬಿಡುವ ಕಪ್ಪು ಹಣ್ಣು ಇದೇ ಏನು?

ಹತ್ತಿರದ ನೆಂಟ, ಆದರೆ ಅದೇ ಅಲ್ಲ. ಪಶ್ಚಿಮ ಘಟ್ಟದ ಎತ್ತರದ ಜಾಗಗಳಲ್ಲಿ, ಬ್ಲ್ಯಾಕ್‌ಬೆರಿಯೂ ಸೇರಿರುವ ರೂಬಸ್ ಕುಲದ ಹಲವು ಕಾಡುಜಾತಿಗಳಿವೆ. ಅವುಗಳಲ್ಲಿ ರೂಬಸ್ ನಿವಿಯಸ್ ಎಂಬುದಕ್ಕೆ ಹೊರದೇಶಗಳಲ್ಲಿ 'ಮೈಸೂರು ರಾಸ್ಪ್‌ಬೆರಿ' ಎಂಬ ಹೆಸರೇ ಇದೆ. ನಿವಿಯಸ್ ಎಂದರೆ ಹಿಮದಂತೆ ಬೆಳ್ಳಗಿನದು ಎಂದರ್ಥ. ಎಲೆಯನ್ನು ಮಗುಚಿದರೆ ಕೆಳಭಾಗ ಬಿಳಿಯಾಗಿ ಕಾಣುತ್ತದೆ. ಅದರ ಹಣ್ಣು ಮೊದಲು ಕೆಂಪಾಗಿ, ಮಾಗಿದಾಗ ಕಪ್ಪಾಗುವುದರಿಂದ ಬ್ಲ್ಯಾಕ್‌ಬೆರಿ ಎಂದೇ ತಿಳಿಯುವವರು ಹೆಚ್ಚು. ಹಳದಿ ಹಣ್ಣು ಬಿಡುವ ರೂಬಸ್ ಎಲಿಪ್ಟಿಕಸ್ ಇನ್ನೊಂದು ಜಾತಿ.

ಗುರುತಿಸುವುದು ಕಷ್ಟವಲ್ಲ. ಹಣ್ಣನ್ನು ಮೆಲ್ಲಗೆ ಎಳೆದಾಗ ಒಳಗಿನ ಬಿಳಿ ತಿರುಳು ಗಿಡದಲ್ಲೇ ಉಳಿದು, ಕೈಗೆ ಬಂದ ಹಣ್ಣು ಪುಟ್ಟ ಟೋಪಿಯಂತೆ ಪೊಳ್ಳಾಗಿದ್ದರೆ ಅದು ರಾಸ್ಪ್‌ಬೆರಿಯ ಬಳಗ. ತಿರುಳು ಹಣ್ಣಿನೊಳಗೇ ಉಳಿದು ಬಂದರೆ ಬ್ಲ್ಯಾಕ್‌ಬೆರಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ನಮ್ಮ ರಸ್ತೆಬದಿಯಲ್ಲೂ ತೋಟದ ಅಂಚಿನಲ್ಲೂ ಹಬ್ಬಿರುವ ಲಂಟಾನದ ಪೊದೆಯಲ್ಲೂ ಕಪ್ಪು ಮಣಿಗಳ ಸಣ್ಣ ಗೊಂಚಲು ಬಿಡುತ್ತದೆ. ಪಟ್ಟಣದಿಂದ ಬಂದ ಮಕ್ಕಳು ಅದನ್ನೇ ಬ್ಲ್ಯಾಕ್‌ಬೆರಿ ಎಂದು ಕಿತ್ತು ತರುವುದನ್ನು ನಾನೇ ಕಂಡಿದ್ದೇನೆ. ಲಂಟಾನದ ಹಸಿರು ಕಾಯಿ ವಿಷಕಾರಿ, ಮತ್ತು ಒಂದೇ ಗೊಂಚಲಿನಲ್ಲಿ ಕಾಯಿಯೂ ಹಣ್ಣೂ ಕೂಡಿಯೇ ಇರುತ್ತವೆ. ಎಲೆಯನ್ನು ಹೊಸಕಿದಾಗ ಘಾಟು ವಾಸನೆ ಬಂದರೆ, ಪೊದೆಯಲ್ಲಿ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಹೂಗೊಂಚಲು ಇದ್ದರೆ, ಅದನ್ನು ಮುಟ್ಟದಂತೆ ಮಕ್ಕಳಿಗೆ ಹೇಳಿ. ಗೊತ್ತಿಲ್ಲದ ಕಾಡುಹಣ್ಣನ್ನು ಊರಿನ ಹಿರಿಯರಿಗೆ ತೋರಿಸದೆ ಬಾಯಿಗಿಡಬಾರದು.

ಅಂಗಡಿಯಲ್ಲಿ ಒಳ್ಳೆಯ ಡಬ್ಬಿಯನ್ನು ಆರಿಸುವುದು ಹೇಗೆ?

ಮೊದಲು ಡಬ್ಬಿಯನ್ನು ಮೇಲೆತ್ತಿ ಅಡಿಯನ್ನು ನೋಡಿ. ಒಳಗೆ ಹಾಸಿರುವ ಕಾಗದದ ಮೆತ್ತೆಯ ಮೇಲೆ ನೇರಳೆ ಬಣ್ಣದ ಕಲೆ ಹರಡಿದ್ದರೆ ಕೆಳಗಿನ ಸಾಲು ಆಗಲೇ ಜಜ್ಜಿಹೋಗಿದೆ ಎಂದರ್ಥ. ಮೇಲಿನ ಸಾಲು ಎಷ್ಟೇ ಚೆಂದವಾಗಿದ್ದರೂ ಅಂಥ ಡಬ್ಬಿ ಬೇಡ. ಈ ಪಾಠವನ್ನು ನಾನು ದುಡ್ಡು ಕೊಟ್ಟೇ ಕಲಿತದ್ದು. ಒಮ್ಮೆ ಮೈಸೂರಿನ ಒಂದು ಅಂಗಡಿಯಲ್ಲಿ ಆತುರದಲ್ಲಿ ನಾಲ್ಕು ಡಬ್ಬಿ ಕೊಂಡು, ಸುಮಾರು 120 ಕಿಲೋಮೀಟರ್ ದಾರಿಯನ್ನು ಕಾರಿನ ಡಿಕ್ಕಿಯಲ್ಲಿ ತಂದು ಮನೆಯಲ್ಲಿ ತೆರೆದಾಗ ಕೆಳಗಿನ ಸಾಲಿನ ತುಂಬ ಬೂದು ಬಣ್ಣದ ಹತ್ತಿಯಂಥ ಬೂಸ್ಟು ಕೂತಿತ್ತು. ಅಂಗಡಿಯವರನ್ನು ದೂರಿ ಪ್ರಯೋಜನವಿರಲಿಲ್ಲ. ಡಬ್ಬಿಯನ್ನು ಮಗುಚಿ ನೋಡುವ ಕೆಲಸ ನನ್ನದಾಗಿತ್ತು.

ಎರಡನೆಯದಾಗಿ ಹೊಳಪು. ಇಲ್ಲಿ ನಮ್ಮ ಕಣ್ಣು ತಪ್ಪುತ್ತದೆ. ಥಳಥಳ ಹೊಳೆಯುವ ಕಪ್ಪು ಹಣ್ಣು ಚೆನ್ನಾಗಿ ಮಾಗಿದೆ ಎಂದು ತೋರಿದರೂ ಅದು ಇನ್ನೂ ಹುಳಿಯಾಗಿರುತ್ತದೆ. ಹೊಳಪು ಸ್ವಲ್ಪ ಮಂಕಾದಾಗ ಸಿಹಿ ತುಂಬಿರುತ್ತದೆ. ಈ ದಿನವೇ ತಿನ್ನುವುದಾದರೆ ಮಂಕಾದದ್ದನ್ನು ಆರಿಸಿ, ಎರಡು ದಿನ ಇಡಬೇಕಾದರೆ ಹೊಳೆಯುವುದೇ ಮೇಲು. ಮಣಿಗಳು ತುಂಬಿಕೊಂಡು ಬಿಡಿಬಿಡಿಯಾಗಿ ಕಾಣಬೇಕು, ಡಬ್ಬಿಯನ್ನು ಅಲುಗಾಡಿಸಿದಾಗ ಹಣ್ಣುಗಳು ಒಂದಕ್ಕೊಂದು ಅಂಟದೆ ಉರುಳಬೇಕು.

ಹುಳಿ ಹಣ್ಣನ್ನು ಮನೆಯಲ್ಲಿಟ್ಟು ಮಾಗಿಸಬಹುದೇ?

ಸಾಧ್ಯವಿಲ್ಲ. ಬಾಳೆಗೊನೆಯನ್ನು ಕಾಯಿಯಾಗಿ ಕಡಿದು ತಂದು ಅಟ್ಟದಲ್ಲಿ ನೇತುಹಾಕಿ ಹಣ್ಣು ಮಾಡುವ ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ಗಿಡದಿಂದ ಕಿತ್ತ ಮೇಲೆ ಬ್ಲ್ಯಾಕ್‌ಬೆರಿಯ ಸಿಹಿ ಹೆಚ್ಚುವುದಿಲ್ಲ. ಹೊರಗಿಟ್ಟರೆ ಮೆತ್ತಗಾಗುತ್ತದೆ, ಮೆತ್ತಗಾದದ್ದು ಮಾಗಿದ್ದಲ್ಲ.

ಫ್ರಿಜ್‌ನಲ್ಲಿಟ್ಟ ಕಪ್ಪು ಹಣ್ಣಿನ ಕೆಲವು ಮಣಿಗಳು ಕೆಂಪಾಗಿವೆ. ಕೆಟ್ಟಿದೆಯೇ?

ಕೆಟ್ಟಿಲ್ಲ. ಕೊಯ್ಲಿನಲ್ಲೋ ಸಾಗಣೆಯಲ್ಲೋ ಪೆಟ್ಟು ತಿಂದ ಮಣಿಗಳ ಒಳಗಿನ ಜೀವಕೋಶಗಳು ಒಡೆದು ಬಣ್ಣದ ಅಂಶ ಬದಲಾಗುವುದರಿಂದ ಹೀಗಾಗುತ್ತದೆ. ಬಿಸಿಲಿನಲ್ಲಿ ಕಿತ್ತ ಹಣ್ಣನ್ನು ತಟ್ಟನೆ ತಣ್ಣಗೆ ಮಾಡಿದಾಗ ಇದು ಹೆಚ್ಚು. ರುಚಿಗೆ ಅಂಥ ತೊಂದರೆಯಿಲ್ಲ, ತಿನ್ನಬಹುದು.

ಪೌಷ್ಟಿಕಾಂಶ ಎಷ್ಟಿದೆ? ಇಷ್ಟೊಂದು ಬೆಲೆ ಕೊಡುವಷ್ಟು ವಿಶೇಷವೇ?

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ತಾಜಾ ಬ್ಲ್ಯಾಕ್‌ಬೆರಿಯಲ್ಲಿ ಸುಮಾರು 88 ಗ್ರಾಂ ನೀರೇ. ಶಕ್ತಿ 43 ಕ್ಯಾಲೊರಿ. ಶರ್ಕರಪಿಷ್ಟ 9.6 ಗ್ರಾಂ ಇದ್ದರೂ ಅದರಲ್ಲಿ 5.3 ಗ್ರಾಂ ನಾರು, ಸಕ್ಕರೆ 5 ಗ್ರಾಂಗಿಂತ ಸ್ವಲ್ಪ ಕಡಿಮೆ. ಈ ಹಣ್ಣಿನ ನಿಜವಾದ ಗುಣ ಇರುವುದು ಇಲ್ಲಿಯೇ: ನಾರು ಮತ್ತು ಸಕ್ಕರೆ ಹೆಚ್ಚುಕಡಿಮೆ ಸಮವಾಗಿರುವ ಹಣ್ಣುಗಳು ಕಡಿಮೆ. ಅಷ್ಟೇ ತೂಕದ ದ್ರಾಕ್ಷಿಯಲ್ಲಿ ಸಕ್ಕರೆ 15 ಗ್ರಾಂ ದಾಟುತ್ತದೆ, ನಾರು 1 ಗ್ರಾಂ ಕೂಡ ಇರುವುದಿಲ್ಲ. ಹಲ್ಲಿಗೆ ಸಿಕ್ಕಿ ಕೆಲವರಿಗೆ ಕಿರಿಕಿರಿ ಮಾಡುವ ಆ ಸಣ್ಣ ಬೀಜಗಳೂ ನಾರಿನ ಒಂದು ಪಾಲು, ಆದ್ದರಿಂದ ಸೋಸಿದ ರಸಕ್ಕಿಂತ ಇಡೀ ಹಣ್ಣು ಉತ್ತಮ.

ಅಷ್ಟೇ ತೂಕದಲ್ಲಿ ಸಿ ಜೀವಸತ್ವ 21 ಮಿಲಿಗ್ರಾಂ, ಕೆ ಜೀವಸತ್ವ ಸುಮಾರು 20 ಮೈಕ್ರೋಗ್ರಾಂ, ಫೋಲೇಟ್ 25 ಮೈಕ್ರೋಗ್ರಾಂ, ಪೊಟ್ಯಾಸಿಯಂ 162 ಮಿಲಿಗ್ರಾಂ ಇವೆ. ಮ್ಯಾಂಗನೀಸ್ 0.6 ಮಿಲಿಗ್ರಾಂಗಿಂತ ಹೆಚ್ಚಿದ್ದು, ಹಣ್ಣುಗಳಲ್ಲಿ ಅದು ಗಮನಿಸಬೇಕಾದ ಪ್ರಮಾಣ. ಕಡುನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯ ಪ್ರಯೋಗಾಲಯದಲ್ಲಿ ಒಳ್ಳೆಯ ಉತ್ಕರ್ಷಣ ನಿರೋಧಕವಾಗಿ (ಆಂಟಿಆಕ್ಸಿಡೆಂಟ್) ಕೆಲಸ ಮಾಡುತ್ತದೆ. ಅದರಿಂದ ಕ್ಯಾನ್ಸರ್ ಗುಣವಾಗುತ್ತದೆ, ಮಂಡಿನೋವು ಹೋಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಬೆಲೆಯ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಹಿತ್ತಲಿನ ಸೀಬೆಹಣ್ಣಿನಲ್ಲಿ 100 ಗ್ರಾಂಗೆ ನಾರು 5.4 ಗ್ರಾಂ, ಅಂದರೆ ಬ್ಲ್ಯಾಕ್‌ಬೆರಿಯಷ್ಟೇ. ಸಿ ಜೀವಸತ್ವ 200 ಮಿಲಿಗ್ರಾಂಗಿಂತ ಹೆಚ್ಚು, ಅಂದರೆ ಬ್ಲ್ಯಾಕ್‌ಬೆರಿಯ ಹತ್ತು ಪಟ್ಟು. ಪೌಷ್ಟಿಕಾಂಶಕ್ಕಾಗಿಯೇ ದುಡ್ಡು ಕೊಡುವುದಾದರೆ ಸೀಬೆಮರದ ಕೆಳಗೆ ಹೋಗಿ ನಿಲ್ಲುವುದು ಜಾಣತನ. ಬ್ಲ್ಯಾಕ್‌ಬೆರಿಯನ್ನು ಅದರ ರುಚಿಗಾಗಿ ಕೊಳ್ಳಬೇಕು.

ಸಕ್ಕರೆ ಕಾಯಿಲೆಯವರು, ಮಾತ್ರೆ ತೆಗೆದುಕೊಳ್ಳುವವರು, ಮಕ್ಕಳು ತಿನ್ನಬಹುದೇ?

ಸಕ್ಕರೆ ಕಾಯಿಲೆ ಇರುವವರಿಗೆ ಮೇಲೆ ಹೇಳಿದ ಲೆಕ್ಕವೇ ಅನುಕೂಲವಾಗಿದೆ. ಒಂದು ಹಿಡಿ ಹಣ್ಣು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ಅದರ ಜಾಮ್ ಬೇರೆಯದೇ ಪದಾರ್ಥ, ಅದು ಬಹುಪಾಲು ಸಕ್ಕರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು, ಹೆಪ್ಪುಗಟ್ಟಲು ನೆರವಾಗುವ ಕೆ ಜೀವಸತ್ವದ ಕಾರಣದಿಂದ ಒಂದು ದಿನ ಬಟ್ಟಲು ತುಂಬ, ಮರುದಿನ ಏನೂ ಇಲ್ಲ ಎಂಬಂತೆ ತಿನ್ನಬಾರದು. ಪ್ರಮಾಣವನ್ನು ವೈದ್ಯರೊಡನೆ ಮಾತಾಡಿ ಒಂದೇ ಸಮನಾಗಿ ಇಟ್ಟುಕೊಳ್ಳಬೇಕು. ಹಲ್ಲು ಪೂರ್ತಿ ಬಾರದ ಮಗುವಿಗೆ ಹಣ್ಣನ್ನು ಕಿವುಚಿ ಕೊಡಿ. ಹೆಚ್ಚು ತಿಂದ ಮರುದಿನ ಮಲ ಕಪ್ಪಾದರೆ ಗಾಬರಿಯಾಗಬೇಕಿಲ್ಲ, ಅದು ಹಣ್ಣಿನ ಬಣ್ಣ. ಹಣ್ಣು ತಿನ್ನದೆಯೂ ಹಾಗಾದರೆ, ಅಥವಾ ಎರಡು ಮೂರು ದಿನ ಮುಂದುವರಿದರೆ, ಆಸ್ಪತ್ರೆಗೆ ಹೋಗಬೇಕು.

ಎಷ್ಟು ದಿನ ಇಡಬಹುದು? ಹೇಗೆ ಇಡಬೇಕು?

ಫ್ರಿಜ್‌ನಲ್ಲಿ ಎರಡರಿಂದ ಮೂರು ದಿನ, ಹಣ್ಣು ಬಹಳ ತಾಜಾ ಆಗಿದ್ದರೆ ನಾಲ್ಕೈದು ದಿನ. ಹೊರಗೆ ಒಂದು ದಿನವೂ ಭರವಸೆಯಿಲ್ಲ.

ವ್ಯಾಪಾರಿಗಳ ಶೀತಲಗೃಹದಲ್ಲಿ ಇದನ್ನು 0 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಶೇ. 90ರಿಂದ 95ರಷ್ಟು ಆರ್ದ್ರತೆಯಲ್ಲಿ ಇಡುತ್ತಾರೆ. ಇದನ್ನು ಕೇಳಿದ ನೆರೆಮನೆಯವರೊಬ್ಬರು, 'ಹಾಗಾದರೆ ಜುಲೈ ತಿಂಗಳ ನಮ್ಮ ಅಡುಗೆಮನೆಯೇ ಇದಕ್ಕೆ ಸರಿಯಾದ ಜಾಗವಲ್ಲವೇ' ಎಂದು ನಗೆಯಾಡಿದ್ದರು. ಪ್ರಶ್ನೆ ತಮಾಷೆಯದಾದರೂ ಉತ್ತರ ತಿಳಿಯತಕ್ಕದ್ದು. ಗಾಳಿಯಲ್ಲಿ ತೇವವಿದ್ದರೆ ಹಣ್ಣು ಬಾಡುವುದಿಲ್ಲ, ಅದು ಒಳ್ಳೆಯದು. ಆದರೆ ಆ ತೇವ ಹನಿಯಾಗಿ ಹಣ್ಣಿನ ಮೈಮೇಲೆ ಕೂತರೆ ಬೂಸ್ಟಿನ ಬೀಜಕಣಗಳು ಮೊಳೆಯಲು ಅಷ್ಟೇ ಸಾಕು. ಬೋಟ್ರೈಟಿಸ್ ಎಂಬ ಬೂದುಬೂಸ್ಟು ಫ್ರಿಜ್‌ನ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ, ತಂಪು ಅದನ್ನು ತಡಮಾಡುತ್ತದೆಯೇ ಹೊರತು ಕೊಲ್ಲುವುದಿಲ್ಲ. ಆದ್ದರಿಂದ ಹಣ್ಣು ತಣ್ಣಗೂ ಇರಬೇಕು, ಮೈ ಒಣಗಿಯೂ ಇರಬೇಕು.

ನಾನು ಮಾಡುವುದು ಹೀಗೆ. ಮನೆಗೆ ತಂದ ಕೂಡಲೇ ಡಬ್ಬಿಯನ್ನು ಒಂದು ಅಗಲವಾದ ತಟ್ಟೆಗೆ ಮೆಲ್ಲಗೆ ಸುರಿದು, ಒಡೆದದ್ದನ್ನೂ ಸೋರುತ್ತಿರುವುದನ್ನೂ ಬೇರೆ ಮಾಡುತ್ತೇನೆ. ಒಡೆದದ್ದು ಆಗಲೇ ಹೊಟ್ಟೆಗೆ ಹೋಗುತ್ತದೆ. ಉಳಿದದ್ದನ್ನು, ಟಿಶ್ಯೂ ಕಾಗದ ಹಾಸಿದ ಚಪ್ಪಟೆ ಡಬ್ಬಿಯಲ್ಲಿ ಒಂದೇ ಸಾಲಿನಲ್ಲಿ, ಹೆಚ್ಚೆಂದರೆ ಎರಡು ಸಾಲಿನಲ್ಲಿ ಹರಡುತ್ತೇನೆ. ಮುಚ್ಚಳವನ್ನು ಬಿಗಿಯಾಗಿ ಹಾಕದೆ ಒಂದು ಮೂಲೆಯಲ್ಲಿ ಸ್ವಲ್ಪ ಸಂದು ಬಿಟ್ಟು, ಫ್ರಿಜ್‌ನ ಒಳಭಾಗದ ತಟ್ಟಿನಲ್ಲಿ, 4 ಡಿಗ್ರಿಗಿಂತ ಕಡಿಮೆ ಉಷ್ಣತೆ ಇರುವ ಕಡೆ ಇಡುತ್ತೇನೆ. ಬಾಗಿಲಿನ ತಟ್ಟು ಬೇಡ, ಅಲ್ಲಿ ತೆಗೆದು ಮುಚ್ಚುವಾಗಲೆಲ್ಲ ಬಿಸಿಗಾಳಿ ಹೊಡೆಯುತ್ತದೆ. ಒಣಮೀನಿನ ಡಬ್ಬಿಯ ಪಕ್ಕವೂ ಬೇಡ, ಕಾರಣವನ್ನು ವಿವರಿಸಬೇಕಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ, ತಣ್ಣೀರಿನ ಲೋಟ ಬೆವರುವ ಹಾಗೆ, ಹಣ್ಣಿನ ಮೇಲೆ ನೀರಿನ ತೆಳು ಪದರ ಕೂರುತ್ತದೆ. ಆ ಡಬ್ಬಿಯನ್ನು ಮತ್ತೆ ಒಳಗಿಟ್ಟರೆ ಮರುದಿನಕ್ಕೆ ಬೂಸ್ಟು ಖಂಡಿತ ಎಂದೇ ಇಟ್ಟುಕೊಳ್ಳಿ. ಬೇಕಾದಷ್ಟನ್ನು ಮಾತ್ರ ಬೇಗ ತೆಗೆದುಕೊಂಡು ಡಬ್ಬಿಯನ್ನು ಒಳಗೇ ಬಿಡಬೇಕು.

ತಂದ ತಕ್ಷಣ ತೊಳೆದಿಡುವುದು ಶುಚಿಯಲ್ಲವೇ? ವಿನೆಗರ್ ನೀರಿನ ಉಪಾಯ ನಿಜವೇ?

ತೊಳೆದಿಡಬೇಡಿ. ಮಣಿಮಣಿಗಳ ಸಂದಿಯಲ್ಲಿ ನಿಂತ ನೀರನ್ನು ಒರೆಸಲು ಯಾರಿಂದಲೂ ಆಗದು. ತಿನ್ನುವ ಮುನ್ನ ಜರಡಿಯಲ್ಲಿ ಹಾಕಿ, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆಯಿರಿ.

ಒಂದು ಪಾಲು ಬಿಳಿ ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ ಹಣ್ಣನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಬೂಸ್ಟಿನ ಕಣಗಳು ಕಡಿಮೆಯಾಗುವುದು ನಿಜ. ಆದರೆ ಆಮೇಲೆ ಮತ್ತೆ ತೊಳೆದು ಪೂರ್ತಿ ಒಣಗಿಸಿದರೆ ಮಾತ್ರ ಅದು ಉಪಕಾರ. ಜನವರಿಯ ಒಣಹವೆಯಲ್ಲಿ ಫ್ಯಾನಿನ ಕೆಳಗೆ ಹರಡಿ ಒಣಗಿಸಬಹುದು. ಬಟ್ಟೆಯೇ ವಾರಗಟ್ಟಲೆ ಒಣಗದ ಮಳೆಗಾಲದ ಆಟಿ ತಿಂಗಳಲ್ಲಿ ಈ ಉಪಾಯದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ವಿನೆಗರ್ ಬದಲು ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿ ಬಳಸಬಹುದೇ ಎಂದು ಕೇಳಿದವರೂ ಇದ್ದಾರೆ. ದಯವಿಟ್ಟು ಬೇಡ. ಅಷ್ಟು ಕಷ್ಟಪಟ್ಟು ಕುದಿಸಿ ಇಳಿಸಿದ ಕಾಚಂಪುಳಿ ಪಂದಿಕರಿಗೆ ಇರಲಿ. ಅದರ ಕಪ್ಪು ಬಣ್ಣವೂ ಘಾಟೂ ಹಣ್ಣಿಗೆ ಹತ್ತಿದರೆ ಎರಡೂ ಹಾಳು.

ಕಾಡುಜಾತಿಯ ಹಣ್ಣಿನಲ್ಲಿ ಇರುವೆ, ಹುಳು ಇರುವ ಸಂಶಯವಿದ್ದರೆ ತಿನ್ನುವ ಮೊದಲು ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಅವು ಹೊರಗೆ ಬರುತ್ತವೆ. ನಂತರ ಬರಿ ನೀರಿನಲ್ಲಿ ತೊಳೆಯಬೇಕು.

ಒಂದು ಹಣ್ಣಿಗೆ ಬೂಸ್ಟು ಬಂದಿದ್ದರೆ ಇಡೀ ಡಬ್ಬಿಯನ್ನು ಎಸೆಯಬೇಕೇ?

ಬೇಡ. ಬೂಸ್ಟು ಕಂಡ ಹಣ್ಣನ್ನೂ ಅದಕ್ಕೆ ತಾಗಿದ್ದ ಹಣ್ಣುಗಳನ್ನೂ ತೆಗೆದು ಬಿಸಾಡಿ, ಅಡಿಯ ಕಾಗದವನ್ನು ಬದಲಿಸಿ, ಉಳಿದವನ್ನು ಆ ದಿನವೇ ಮುಗಿಸಿ. ಬೂಸ್ಟು ಬಂದ ಭಾಗವನ್ನು ಮಾತ್ರ ಕತ್ತರಿಸಿ ಉಳಿದರ್ಧ ತಿನ್ನುವುದು ಇಷ್ಟು ಮೆತ್ತಗಿನ ಹಣ್ಣಿನಲ್ಲಿ ಸರಿಯಲ್ಲ. ಹುಳಿಹೆಂಡದಂಥ ವಾಸನೆ ಬಂದರೆ ಪೂರ್ತಿ ಡಬ್ಬಿ ಗೊಬ್ಬರದ ಗುಂಡಿಗೆ.

ಮಳೆಗಾಲದಲ್ಲಿ ಕರೆಂಟು ಹೋದರೆ ಏನು ಮಾಡಬೇಕು?

ಮರ ಬಿದ್ದು ತಂತಿ ಹರಿದರೆ ಕೆಲವು ಹಳ್ಳಿಗಳಲ್ಲಿ ಕರೆಂಟು ಬರಲು ದಿನಗಳೇ ಹಿಡಿಯುವುದು ನಮಗೆ ಹೊಸದಲ್ಲ. ಬಾಗಿಲು ತೆಗೆಯದೆ ಇಟ್ಟರೆ ಫ್ರಿಜ್ ಸುಮಾರು 4 ಗಂಟೆ ತಂಪನ್ನು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಹಾಗಾಗಿ ಜೂನ್ ತಿಂಗಳ ಹೊತ್ತಿಗೆ ಫ್ರೀಜರ್‌ನ ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನಿಟ್ಟು ಮಂಜುಗಡ್ಡೆ ಮಾಡಿಡುವುದು ಒಳ್ಳೆಯದು. ಹೊತ್ತು ಮೀರಿದರೆ ಹಣ್ಣನ್ನು ಸಕ್ಕರೆ ಹಾಕಿ ಕುದಿಸಿಬಿಡಿ.

ಫ್ರೀಜರ್‌ನಲ್ಲಿ ಇಡುವ ಕ್ರಮ ಯಾವುದು?

ಇಲ್ಲಿ ಮಾತ್ರ ಮೊದಲು ತೊಳೆಯಬೇಕು. ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ ಫ್ರೀಜರ್‌ಗೆ ಇಡಿ. ಮೂರು ನಾಲ್ಕು ಗಂಟೆಗಳಲ್ಲಿ ಗೋಲಿಯಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಗಾಳಿಯನ್ನು ಒತ್ತಿ ತೆಗೆದು, ದಿನಾಂಕ ಬರೆದಿಡಿ. ನೇರವಾಗಿ ಚೀಲಕ್ಕೆ ಹಾಕಿದರೆ ಎಲ್ಲ ಸೇರಿ ಒಂದೇ ಗಟ್ಟಿಯಾಗುತ್ತದೆ, ಆಮೇಲೆ ಸುತ್ತಿಗೆಯೇ ಬೇಕು. ಮೈನಸ್ 18 ಡಿಗ್ರಿಯಲ್ಲಿ ಎಂಟರಿಂದ ಹನ್ನೆರಡು ತಿಂಗಳು ರುಚಿ ನಿಲ್ಲುತ್ತದೆ. ಕರಗಿದ ಮೇಲೆ ಹಣ್ಣು ಕುಸಿಯುವುದರಿಂದ ಅದು ತಟ್ಟೆಯಲ್ಲಿಡಲು ಆಗದು. ಮಜ್ಜಿಗೆ, ಪಾಯಸ, ಜಾಮ್‌ಗೆ ಆಗುತ್ತದೆ. ಅಕ್ಕಿತರಿಯನ್ನು ಹಬೆಯಲ್ಲಿ ಬೇಯಿಸಿ ಮಾಡುವ, ತೆಂಗಿನ ತುರಿ ಉದುರಿಸಿದ ಬಿಸಿ ಪಾಪುಟ್ಟಿನ ಮೇಲೆ ಕರಗಿದ ಹಣ್ಣಿನ ರಸವನ್ನು ಸುರಿದು ನೋಡಿ, ಅತಿಥಿಗಳು ಮಾತು ನಿಲ್ಲಿಸುತ್ತಾರೆ.

ಪುಸ್ತಕದಲ್ಲಿ ಹೇಳಿದಂತೆ ಮಾಡಿದರೂ ಜಾಮ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಏಕೆ?

ಎತ್ತರದ ಕಾರಣದಿಂದ. ಜಾಮ್ 104–105 ಡಿಗ್ರಿಗೆ ಬಂದಾಗ ಇಳಿಸಬೇಕು ಎಂಬುದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ನೀರು ಕುದಿಯುವ ಉಷ್ಣತೆಗಿಂತ 4–5 ಡಿಗ್ರಿ ಮೇಲೆ ಹೋದಾಗ ಜಾಮ್ ಹದಕ್ಕೆ ಬರುವುದರಿಂದ ನಮಗೆ 100–101 ಡಿಗ್ರಿ ಸಾಕು. 105 ಬರಲಿ ಎಂದು ಕಾಯುತ್ತಾ ನಿಂತರೆ ನೀರಿನಂಶ ಹೆಚ್ಚಾಗಿ ಹೋಗಿ ಸಕ್ಕರೆ ಸೀಯುತ್ತದೆ. ಥರ್ಮಾಮೀಟರ್ ಇಲ್ಲದವರು ಫ್ರೀಜರ್‌ನಲ್ಲಿಟ್ಟ ತಟ್ಟೆಯ ಮೇಲೆ ಒಂದು ತೊಟ್ಟು ಹಾಕಿ ಬೆರಳಿನಿಂದ ದೂಡಿ ನೋಡಬಹುದು. ಮೇಲ್ಪದರ ಸುಕ್ಕಾದರೆ ಹದ ಬಂದಿದೆ. ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಜಾಮ್ ಹೆಪ್ಪಾಗಲು ಬೇಕಾದ ಪೆಕ್ಟಿನ್ ಎಂಬ ಅಂಶ ಕಡಿಮೆ, ಆದ್ದರಿಂದ ಹಣ್ಣಿನ ಜೊತೆ ಒಂದು ಹಿಡಿ ಕೆಂಪು ಕಾಯಿಯನ್ನೂ ನಿಂಬೆರಸವನ್ನೂ ಸೇರಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲು ಇರಲಿ.

ಕೊಡಗಿನಲ್ಲಿ ಇದನ್ನು ಬೆಳೆಯಬಹುದೇ?

ಒಂದೆರಡು ಗಿಡ ಹವ್ಯಾಸಕ್ಕೆ ಇರಲಿ. ಹಲವು ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು, ನಮ್ಮ ಡಿಸೆಂಬರ್‌ನ ಚಳಿ ಅಷ್ಟಕ್ಕೆ ಸಾಲದು. ಕಡಿಮೆ ಚಳಿ ಸಾಕಾಗುವ ತಳಿಗಳೂ, ಹೊಸ ಚಿಗುರಿನಲ್ಲೇ ಹೂಬಿಡುವ ತಳಿಗಳೂ ಇವೆ. ಆದರೆ ಹಣ್ಣು ಮಾಗುವ ಹೊತ್ತಿಗೆ ಮಳೆ ಹಿಡಿದರೆ ಬುಟ್ಟಿಗೆ ಬರುವುದಕ್ಕಿಂತ ಗಿಡದಲ್ಲೇ ಕೊಳೆಯುವುದು ಹೆಚ್ಚು. ಕಾಫಿ ಮತ್ತು ಮೆಣಸನ್ನು ಕಿತ್ತು ಇದನ್ನು ನೆಡುವ ಯೋಚನೆ ಇರುವವರು ಮೊದಲು ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದವರ ಅಭಿಪ್ರಾಯ ಕೇಳುವುದು ಒಳ್ಳೆಯದು.

ಬಟ್ಟೆಗೆ ಬಿದ್ದ ಕಲೆ ಹೋಗುತ್ತದೆಯೇ?

ಒಣಗುವ ಮೊದಲು ಹಿಂಬದಿಯಿಂದ ತಣ್ಣೀರು ಸುರಿದು, ನಿಂಬೆರಸ ಅಥವಾ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ಮೊದಲೇ ಸೋಪು ತಿಕ್ಕಬೇಡಿ. ಹುಳಿಯಲ್ಲಿ ಕೆಂಪಾಗಿರುವ ಈ ಬಣ್ಣ ಸೋಪಿನ ಕ್ಷಾರ ತಗುಲಿದ ಕೂಡಲೇ ನೀಲಿಗೆ ತಿರುಗುತ್ತದೆ, ನಮ್ಮ ಬಿಳಿ ಮೇಜುಬಟ್ಟೆಯ ಒಂದು ಮೂಲೆಯಲ್ಲಿ ಆ ನೀಲಿ ಇನ್ನೂ ಉಳಿದಿದೆ.